ಅಪ್ಪ ಅಮ್ಮನನ್ನು ಸ್ವಿಟ್ಜರ್‌ಲೆಂಡ್‌ಗೆ ಕರೆದುಕೊಂಡು ಹೋಗುವವರಿಗೆ: ಪಟ್ಟಿಯನ್ನು ಅರ್ಧ ಮಾಡಿ

ಕಳೆದ ವಾರ ಗೆಳೆಯರೊಬ್ಬರು ತಮ್ಮ ಸ್ವಿಟ್ಜರ್‌ಲೆಂಡ್ ಪ್ಲಾನ್ ಕಳಿಸಿ "ಒಮ್ಮೆ ನೋಡಿ ಹೇಳಿ" ಎಂದರು. ಏಳು ದಿನ, ಐದು ಹೋಟೆಲು. ಜ್ಯೂರಿಕ್, ಲುಸರ್ನ್, ಟಿಟ್ಲಿಸ್, ಇಂಟರ್‌ಲಾಕನ್, ಯುಂಗ್‌ಫ್ರೌ, ಜರ್ಮಾಟ್, ಜಿನೀವಾ. ದಿನಾ ಬೆಳಿಗ್ಗೆ ಆರೂವರೆಗೆ ರೂಮು ಬಿಡಬೇಕು. ಜೊತೆಗೆ ಹೋಗುವವರು 76 ವರ್ಷದ ತಂದೆ, ಮಂಡಿನೋವಿನ ತಾಯಿ.

ಅವರಿಗೆ ಉತ್ತರ ಬರೆಯಲು ಕೂತೆ. ಅದು ಉದ್ದವಾಯಿತು. ಇನ್ನೂ ನಾಲ್ಕು ಜನರಿಗೆ ಬೇಕಾಗಬಹುದು ಅಂತ ಇಲ್ಲೇ ಹಾಕುತ್ತಿದ್ದೇನೆ.

ನಾನು ಈ ವಿಷಯವನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಲು ಕಾರಣ ಇದೆ. ಕೆಲವು ವರ್ಷದ ಹಿಂದೆ ನನ್ನ ಅಪ್ಪ ಅಮ್ಮನನ್ನು ಒಂದು ಟೂರ್ ಕಂಪನಿಯ ಯುರೋಪ್ ಪ್ಯಾಕೇಜಿಗೆ ಕಳಿಸಿದ್ದೆ. ಹತ್ತು ದಿನ, ಆರು ದೇಶ. ವಾಪಸ್ ಬಂದಾಗ ಅಮ್ಮ "ಎಲ್ಲಾ ಚೆನ್ನಾಗಿತ್ತಪ್ಪ" ಎಂದರು. ಆದರೆ ಏನು ನೋಡಿದಿರಿ ಅಂತ ಕೇಳಿದರೆ ಬಸ್ಸಿನ ಸೀಟು, ಹೋಟೆಲಿನ ಲಗೇಜ್ ಸಾಲು, "ಬೇಗ ಬೇಗ" ಎನ್ನುವ ಗೈಡ್ ದನಿ, ಇಷ್ಟೇ ನೆನಪು. ಅಪ್ಪ ಎರಡು ದಿನ ಮಲಗಿದ್ದರು. ಅವರ ಜೀವಮಾನದ ಆಸೆಗೆ ದುಡ್ಡು ಕಟ್ಟಿ, ಅದನ್ನು ನಾನೇ ಹಾಳು ಮಾಡಿದೆನಲ್ಲ ಅಂತ ಬಹಳ ಸಂಕಟವಾಗಿತ್ತು.

ಮುಂದಿನ ಸಲ ನಾನೇ ಜೊತೆಗೆ ಹೋದೆ. ಬರೀ ಸ್ವಿಟ್ಜರ್‌ಲೆಂಡ್, ಬರೀ ರೈಲು. ಒಂಬತ್ತು ರಾತ್ರಿ, ಎರಡೇ ಊರು: ಲುಸರ್ನ್‌ನಲ್ಲಿ ನಾಲ್ಕು, ಇಂಟರ್‌ಲಾಕನ್‌ನಲ್ಲಿ ಐದು. ದಿನಕ್ಕೆ ಒಂದೇ ಸುತ್ತಾಟ. ಬೆಳಿಗ್ಗೆ ಹತ್ತಕ್ಕೆ ಮುಂಚೆ ಹೊರಡುವುದಿಲ್ಲ, ಸಂಜೆ ಐದರೊಳಗೆ ರೂಮು. ಸೆಪ್ಟೆಂಬರ್ ತಿಂಗಳು, ಬಿಸಿಲೂ ಹದವಾಗಿತ್ತು.

ನನ್ನ ಮಾತು ಇದೊಂದೇ. ಹಿರಿಯರ ಜೊತೆ ಹೋಗುವಾಗ ಆ ದೇಶದಲ್ಲಿ ಧಾವಂತ ಮಾಡುವ ಅಗತ್ಯವೇ ಇಲ್ಲ, ಯಾಕಂದರೆ ಅಲ್ಲಿಯ ರೈಲ್ವೆಯೇ ಹಾಗೆ ಕಟ್ಟಿದೆ. 1982ರಿಂದ ಇಡೀ ದೇಶದಲ್ಲಿ ಒಂದು ತಾಳಕ್ಕೆ ಹೊಂದಿಸಿದ ವೇಳಾಪಟ್ಟಿ ಇದೆ. 10:05ಕ್ಕೆ ಒಂದು ರೈಲಿದ್ದರೆ 11:05ಕ್ಕೂ ಇದೆ, 12:05ಕ್ಕೂ ಇದೆ. ಜಾಸ್ತಿ ಜನ ಓಡಾಡುವ ದಾರಿಯಲ್ಲಿ ಅರ್ಧ ಗಂಟೆಗೊಂದು. ರೈಲು ಇಳಿದ ಕಡೆ ಬಸ್ಸೋ ದೋಣಿಯೋ ಅದಕ್ಕೆ ಹೊಂದಿಕೊಂಡು ನಿಂತಿರುತ್ತದೆ. ನಮ್ಮ ತಲೆಯಲ್ಲಿ ಮಾತ್ರ "ರೈಲು ತಪ್ಪಿದರೆ ಆ ದಿನ ಹೋಯಿತು" ಎಂಬ ಹಳೇ ಭಯ ಕೂತಿದೆ. ಅಪ್ಪ ಅರಸೀಕೆರೆ ಕಡೆ ರೈಲ್ವೆಯಲ್ಲಿ ದುಡಿದವರು. ಅವರಿಗೇ ಇದನ್ನು ನಂಬಲು ಮೂರು ದಿನ ಬೇಕಾಯಿತು. ಮೊದಲ ದಿನ ಪ್ಲಾಟ್‌ಫಾರ್ಮಿನಲ್ಲಿ ನನ್ನ ತೋಳು ಹಿಡಿದು ಓಡಿಸಿದರು. ನಾಲ್ಕನೇ ದಿನ ಕಣ್ಣೆದುರೇ ಬಾಗಿಲು ಮುಚ್ಚಿತು. ಅವರು "ಹೋಗಲಿ ಬಿಡು, ಇನ್ನೊಂದು ಬರುತ್ತೆ" ಎಂದು ಬೆಂಚಿನ ಮೇಲೆ ಕೂತರು. ಆವತ್ತು ನನಗೆ ಪ್ರವಾಸ ಶುರುವಾಯಿತು ಅನ್ನಿಸಿತು.

ಆ ಬೆಂಚಿನ ಮೇಲೆ ಕೂತೇ ಅವರು ಸ್ಟೇಷನ್ ಗಡಿಯಾರವನ್ನು ಗಮನಿಸಿದ್ದು. ಹಾನ್ಸ್ ಹಿಲ್ಫಿಕರ್ ಎಂಬ ರೈಲ್ವೆ ಎಂಜಿನಿಯರ್ 1944ರಲ್ಲಿ ರೂಪಿಸಿದ ಗಡಿಯಾರ ಅದು. ಕೆಂಪು ಸೆಕೆಂಡ್ ಮುಳ್ಳು ಒಂದು ಸುತ್ತನ್ನು ಸುಮಾರು 58.5 ಸೆಕೆಂಡಿನಲ್ಲೇ ಮುಗಿಸಿ ಮೇಲೆ ಬಂದು ನಿಲ್ಲುತ್ತದೆ. ಒಂದು ಕ್ಷಣ ಕಾಯುತ್ತದೆ. ನಿಮಿಷದ ಮುಳ್ಳು ಟಕ್ ಅಂತ ಮುಂದೆ ಹೋದ ಮೇಲೆ ಮತ್ತೆ ಹೊರಡುತ್ತದೆ. ಅಪ್ಪ ಅದನ್ನು ಎಷ್ಟು ಸಲ ನೋಡಿದರೋ. ಪ್ಯಾಕೇಜಿನವರು ಇದನ್ನು ಯಾವ ಪಟ್ಟಿಗೂ ಸೇರಿಸುವುದಿಲ್ಲ. ಊರಿಗೆ ಬಂದ ಮೇಲೆ ಹಳೇ ಸಹೋದ್ಯೋಗಿಗಳಿಗೆಲ್ಲ ಅವರು ಹೇಳಿದ್ದು ಈ ಗಡಿಯಾರದ ವಿಷಯವನ್ನೇ.

ಈಗ ಯುಂಗ್‌ಫ್ರೌ ವಿಷಯ. ಇದನ್ನು ಹೇಳಿದರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ಹೇಳುತ್ತೇನೆ. ಯುಂಗ್‌ಫ್ರೌಯೋಕ್ ಸ್ಟೇಷನ್ ಇರುವುದು ಯುಂಗ್‌ಫ್ರೌ ಎಂಬ ಹಿಮಶಿಖರದ ಪಕ್ಕ, 3,454 ಮೀಟರ್ ಎತ್ತರದಲ್ಲಿ. 1912ರಲ್ಲೇ ಅಲ್ಲಿಗೆ ರೈಲು ತಂದರು ಅನ್ನುವುದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಅಷ್ಟು ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರರಲ್ಲಿ ಎರಡು ಭಾಗದಷ್ಟೇ. 2020ರ ಡಿಸೆಂಬರ್‌ನಲ್ಲಿ ಐಗರ್ ಎಕ್ಸ್‌ಪ್ರೆಸ್ ಎಂಬ ಕೇಬಲ್ ಕಾರ್ ಬಂದ ಮೇಲೆ ಪ್ರಯಾಣ ಇನ್ನೂ ಚುರುಕಾಗಿದೆ. ಅಂದರೆ ದೇಹಕ್ಕೆ ಹೊಂದಿಕೊಳ್ಳಲು ಸಿಗುವ ಹೊತ್ತೂ ಕಡಿಮೆ. ಹೃದಯದ ತೊಂದರೆ, ಬಿಪಿ, ಉಬ್ಬಸ ಇದ್ದವರು ವೈದ್ಯರನ್ನು ಕೇಳದೆ ಹೋಗಲೇಬಾರದು. ಟಿಕೆಟ್ಟೂ ದುಬಾರಿ. ಸ್ವಿಸ್ ಟ್ರಾವೆಲ್ ಪಾಸ್ (ಇಷ್ಟು ದಿನ ಅಂತ ಕೊಂಡರೆ ರೈಲು, ಬಸ್ಸು, ಹಡಗುಗಳಿಗೆಲ್ಲ ನಡೆಯುವ ಒಂದೇ ಟಿಕೆಟ್) ಇದ್ದರೂ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್‌ವರೆಗೆ ಮಾತ್ರ ನಡೆಯುತ್ತದೆ, ಅಲ್ಲಿಂದ ಮೇಲಕ್ಕೆ ರಿಯಾಯಿತಿ ಅಷ್ಟೇ. ಅಷ್ಟೆಲ್ಲ ಮಾಡಿ ಹೋದ ದಿನ ಮೋಡ ಕವಿದಿದ್ದರೆ ಬಿಳಿ ಗೋಡೆ ನೋಡಿ ವಾಪಸ್.

ನಾವು ಅದರ ಬದಲು ವೆಂಗೆನ್‌ಗೆ ಹೋದೆವು. ಲಾಟರ್‌ಬ್ರುನನ್ ಕಣಿವೆಯಿಂದ ಹಲ್ಲುಚಕ್ರದ ರೈಲು (ಹಳಿಗಳ ನಡುವಿನ ಹಲ್ಲುಹಳಿಗೆ ಚಕ್ರ ಕಚ್ಚಿಸಿ ಏರುವ ರೈಲು) ಮೇಲಕ್ಕೆ ಹತ್ತುತ್ತದೆ. ಕಿಟಕಿಯಲ್ಲಿ ಸುಮಾರು 300 ಮೀಟರಿನ ಸ್ಟಾಬ್‌ಬಾಖ್ ಜಲಪಾತ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ವೆಂಗೆನ್‌ನಲ್ಲಿ ಕಾರುಗಳ ಓಡಾಟವಿಲ್ಲ. ಎತ್ತರ ಸುಮಾರು 1,270 ಮೀಟರ್, ನಮ್ಮ ಚಿಕ್ಕಮಗಳೂರಿಗಿಂತ ಸ್ವಲ್ಪ ಜಾಸ್ತಿ. ಉಸಿರಿಗೆ ಏನೂ ಕಷ್ಟವಿಲ್ಲ. ಬೆಂಚಿನ ಮೇಲೆ ಕೂತರೆ ಎದುರಿಗೇ ಯುಂಗ್‌ಫ್ರೌ ಶಿಖರ. ಅಮ್ಮ ಚಪಾತಿ ಸುರುಳಿ ಬಿಚ್ಚಿ, ಚಟ್ನಿಪುಡಿ ಹಚ್ಚಿಕೊಂಡು, ಆ ಹಿಮವನ್ನು ನೋಡುತ್ತಾ ಎರಡು ಗಂಟೆ ಕೂತರು. ಹಿಮ ಮುಟ್ಟಲಿಲ್ಲ. ಅದರ ಕೊರಗು ಅವರಿಗಿಲ್ಲ, ಕೇಳಿಯೇ ಬರೆಯುತ್ತಿದ್ದೇನೆ.

ಬೆಟ್ಟದ ತುದಿಗೆ ಹೋಗಲೇಬೇಕು ಅಂದರೆ ರಿಗಿಗೆ ಹೋಗಿ. ಲುಸರ್ನ್‌ನಿಂದ ಸರೋವರದಲ್ಲಿ ಸುಮಾರು ಒಂದು ಗಂಟೆ ಹಡಗು, ಫಿಟ್ಸ್‌ನಾವ್‌ನಲ್ಲಿ ಇಳಿದರೆ ಕಟ್ಟೆಯ ಪಕ್ಕದಲ್ಲೇ ರೈಲು. 1871ರಲ್ಲಿ ಶುರುವಾದ ಈ ದಾರಿ ಯುರೋಪಿನ ಮೊದಲ ಹಲ್ಲುಚಕ್ರದ ಬೆಟ್ಟದ ರೈಲು. ಮೇಲಿನ ಎತ್ತರ 1,798 ಮೀಟರ್. ಹಡಗು, ರೈಲು ಎರಡೂ ಪಾಸ್‌ನಲ್ಲೇ ಬರುತ್ತದೆ. ಹಡಗುಗಳಲ್ಲಿ ಸುಮಾರು ನೂರು ವರ್ಷ ಹಳೆಯ ಉಗಿ ಹಡಗುಗಳೂ ಇವೆ. ಅಂಥದ್ದು ಸಿಕ್ಕಿದರೆ ಬಿಡಬೇಡಿ, ನಡುವೆ ನಿಂತು ಕೆಳಗೆ ನೋಡಿದರೆ ಎಂಜಿನ್ ತಿರುಗುವುದು ಕಾಣುತ್ತದೆ. ಸ್ಟೇಷನ್‌ನಿಂದ ತುತ್ತತುದಿಗೆ ಒಂದು ಸಣ್ಣ ಏರು ಇದೆ. ಅಮ್ಮ ಹತ್ತಲಿಲ್ಲ, ಕೆಳಗೇ ಕೂತು ಕಾಫಿ ಕುಡಿದರು.

ಪಾಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಿರಿಯರಿಗೆ ಅಂತ ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ಬೇರೆ ರಿಯಾಯಿತಿ ಇಲ್ಲ, 25 ವರ್ಷದೊಳಗಿನವರಿಗೆ ಇದೆ. 3, 4, 6, 8, 15 ದಿನಗಳ ಪಾಸ್ ಸಿಗುತ್ತದೆ. ನಿಧಾನವಾಗಿ ತಿರುಗುವವರಿಗೆ ಹಾಫ್ ಫೇರ್ ಕಾರ್ಡ್ ಕಡಿಮೆ ಖರ್ಚಿನದ್ದಾಗಬಹುದು. ಅದರಲ್ಲಿ ಸಾಮಾನ್ಯವಾಗಿ ಎಲ್ಲಾ ಟಿಕೆಟ್‌ಗೂ ಅರ್ಧ ಬೆಲೆ. ಲೆಕ್ಕ ಹಾಕಿ ನೋಡಿ. ನಾನು ಲೆಕ್ಕ ಹಾಕಿದ ಮೇಲೂ ಪಾಸ್ ತೆಗೆದುಕೊಂಡೆ. ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ರಿಗಿಗೆ ಹೋಗುವ ಹಡಗಿನಲ್ಲಿ ಅಪ್ಪ ವೆಗ್ಗಿಸ್ ಎಂಬ ಊರು ನೋಡಿ "ಇಲ್ಲಿ ಇಳಿಯೋಣ್ವಾ?" ಎಂದರು. ಇಳಿದೆವು. ಟಿಕೆಟ್ ಏನಾಯಿತು, ದುಡ್ಡು ಹೋಯಿತಾ ಅಂತ ಅವರು ಕೇಳಲಿಲ್ಲ. ನಮ್ಮ ಹಿರಿಯರು ಮಕ್ಕಳ ದುಡ್ಡು ಖರ್ಚಾಗುತ್ತದೆ ಅಂತಲೇ ಎಷ್ಟೋ ಆಸೆಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವರ ಎದುರು ದಿನಾ ಟಿಕೆಟ್ ಕೊಳ್ಳಬೇಡಿ.

ಇನ್ನೊಂದು ವಿಷಯ, ಇದನ್ನು ಯಾರೂ ಬರೆಯುವುದಿಲ್ಲ. ನಮ್ಮ ಅಮ್ಮಂದಿರು ಪ್ರಯಾಣದ ದಿನ ನೀರು ಕುಡಿಯುವುದಿಲ್ಲ. ಟಾಯ್ಲೆಟ್ ಎಲ್ಲಿ ಸಿಗುತ್ತೋ ಏನೋ ಎಂಬ ಭಯ, ಜೀವನಪೂರ್ತಿ ಬಸ್ಸಿನಲ್ಲಿ ಓಡಾಡಿ ಕಲಿತದ್ದು. ಮುಖ್ಯ ಊರುಗಳ ನಡುವಿನ ರೈಲುಗಳಲ್ಲೆಲ್ಲ ಟಾಯ್ಲೆಟ್ ಇದೆ, ಬೆಟ್ಟ ಹತ್ತುವ ರೈಲುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ದೊಡ್ಡ ಸ್ಟೇಷನ್‌ಗಳಲ್ಲಿ ದುಡ್ಡು ಕೊಡಬೇಕು, ಚಿಲ್ಲರೆ ನಾಣ್ಯ ಅಮ್ಮನ ಕೈಯಲ್ಲೇ ಇರಲಿ. ಪ್ರತಿ ದಿನ ಬೆಳಿಗ್ಗೆ ಅಮ್ಮನಿಗೆ "ಇವತ್ತು ಇಂಥ ಕಡೆ ಟಾಯ್ಲೆಟ್ ಇದೆ" ಅಂತ ಮೊದಲೇ ಹೇಳುತ್ತಿದ್ದೆ. ಎರಡು ದಿನ ಆದ ಮೇಲೆ ಅವರೇ ಬಾಟಲಿ ತುಂಬಿಸಿಕೊಳ್ಳತೊಡಗಿದರು. ಬೀದಿಯ ನಲ್ಲಿಯ ನೀರು ಅಲ್ಲಿ ಕುಡಿಯಲು ಯೋಗ್ಯ. ಕುಡಿಯಬಾರದ ಕಡೆ ಬೋರ್ಡ್ ಹಾಕಿರುತ್ತಾರೆ.

ಲುಸರ್ನ್‌ನಿಂದ ಇಂಟರ್‌ಲಾಕನ್‌ಗೆ ಹೋಗುವ ದಿನ ನಮ್ಮ ಪ್ರವಾಸದ ಒಳ್ಳೆಯ ದಿನ. ಬ್ರೂನಿಗ್ ಘಾಟಿ ದಾಟಿ ಹೋಗುವ ಮೀಟರ್ ಗೇಜ್ ರೈಲು ಅದು, ಎರಡು ಗಂಟೆಯ ಒಳಗೇ ತಲುಪುತ್ತದೆ. ಸೀಟು ಕಾಯ್ದಿರಿಸಲೇಬೇಕು ಅಂತಿಲ್ಲ. ಲುಸರ್ನ್‌ನಲ್ಲಿ ಹತ್ತಿದಾಗ ಬಲಗಡೆ ಕೂರಿ. ಸಾರ್ನೆನ್ ಸರೋವರ, ಲುಂಗರ್ನ್ ಸರೋವರ ಎರಡೂ ಆ ಕಡೆಯೇ. ಮೈರಿಂಗೆನ್‌ನಲ್ಲಿ ರೈಲು ದಿಕ್ಕು ಬದಲಿಸಿ ಹಿಮ್ಮುಖವಾಗಿ ಹೊರಡುತ್ತದೆ. ಹಾಗಾಗಿ ಎದ್ದು ಜಾಗ ಬದಲಿಸದೆ ಅದೇ ಕಿಟಕಿಗೇ ಬ್ರಿಯೆಂಜ್ ಸರೋವರವೂ ಬರುತ್ತದೆ. ಹಲ್ಲುಹಳಿ ಸಿಕ್ಕಿದಾಗ ಅಪ್ಪ ಶಬ್ದದಲ್ಲೇ ಗುರುತು ಹಿಡಿದರು. "ನಮ್ಮ ಸಕಲೇಶಪುರದ ಘಾಟಿಯಲ್ಲಿ ಹಿಂದೆ ಮುಂದೆ ಎಂಜಿನ್ ಹಾಕಿ ಎಳೀತೀವಿ, ಇವರು ಹಲ್ಲು ಕಚ್ಚಿಸಿ ಹತ್ತಿಸ್ತಾರೆ" ಎಂದು ಅಮ್ಮನಿಗೆ ವಿವರಿಸಿದರು.

ಗ್ಲೇಸಿಯರ್ ಎಕ್ಸ್‌ಪ್ರೆಸ್ ಬೇಡವಾ ಅಂತ ಕೇಳಬಹುದು. ಜರ್ಮಾಟ್‌ನಿಂದ ಸೇಂಟ್ ಮಾರಿಟ್ಜ್‌ಗೆ ಸುಮಾರು ಎಂಟು ಗಂಟೆ, 291 ಸೇತುವೆ, 91 ಸುರಂಗ. ಚೆಂದವೇ. ಆದರೆ ಸೊಂಟ ನೋವಿರುವವರು ಎಂಟು ಗಂಟೆ ಒಂದೇ ಸೀಟಿನಲ್ಲಿ ಕೂರುವುದು ಬೇರೆ ಮಾತು. ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು. ಕೂರ್ ಮತ್ತು ಸೇಂಟ್ ಮಾರಿಟ್ಜ್ ನಡುವೆ ಅದೇ ಹಳಿಯ ಮೇಲೆ ಸಾಮಾನ್ಯ ರೈಲು ಸುಮಾರು ಎರಡು ಗಂಟೆಯಲ್ಲಿ ಹೋಗುತ್ತದೆ, 65 ಮೀಟರ್ ಎತ್ತರದ ಲ್ಯಾಂಡ್‌ವಾಸರ್ ಸೇತುವೆಯೂ ಆ ದಾರಿಯಲ್ಲೇ ಇದೆ. ಬೇಕಾದ ಕಡೆ ಇಳಿಯಬಹುದು. ಇಂಟರ್‌ಲಾಕನ್‌ನಿಂದ ಮಾಂತ್ರೂಗೆ ಹೋಗುವ ಗೋಲ್ಡನ್‌ಪಾಸ್ ಎಕ್ಸ್‌ಪ್ರೆಸ್ ಮಾತ್ರ ಹಿರಿಯರಿಗೆ ಒಳ್ಳೆಯದು. ಮೊದಲು ಹಳಿಯ ಅಗಲ ಬದಲಾಗುವ ಕಡೆ ಇಳಿದು ಬೇರೆ ರೈಲು ಹತ್ತಬೇಕಿತ್ತು. 2022ರ ಡಿಸೆಂಬರ್‌ನಿಂದ ಹಳಿಗೆ ತಕ್ಕಂತೆ ಚಕ್ರದ ಅಗಲವೇ ಬದಲಾಗುವ ಬೋಗಿಗಳು ಬಂದಿವೆ, ಕೂತಲ್ಲೇ ಕೂರಬಹುದು.

ಉಳಿದ ಸಣ್ಣಪುಟ್ಟದ್ದು ಬೇಗ ಹೇಳುತ್ತೇನೆ. ಹೋಟೆಲು ಸ್ಟೇಷನ್ ಹತ್ತಿರವೇ ಇರಲಿ, ಲಿಫ್ಟ್ ಇದೆಯಾ ಅಂತ ಬರೆದು ಕೇಳಿ. ಇಂಟರ್‌ಲಾಕನ್ ಸಪಾಟಾದ ಊರು, ಮಂಡಿಗೆ ಒಳ್ಳೆಯದು. ರೈಲು ಬದಲಿಸಲು ರೈಲ್ವೆಯ ಆ್ಯಪ್ ಐದು ನಿಮಿಷ ತೋರಿಸಿದರೆ ಅದನ್ನು ಬಿಟ್ಟು ಮುಂದಿನ ರೈಲು ಹಿಡಿಯಿರಿ. ಎರಡಂತಸ್ತಿನ ರೈಲಿನಲ್ಲಿ ಕೆಳಗೇ ಕೂರಿಸಿ. ಗಾಲಿಕುರ್ಚಿ ಬೇಕಾದವರಿಗೆ ಹತ್ತಿಸಿ ಇಳಿಸಲು ರೈಲ್ವೆಯವರ ಉಚಿತ ಸಹಾಯ ಇದೆ, ಮೊದಲೇ ಫೋನ್ ಮಾಡಿ ತಿಳಿಸಬೇಕು. ಅಡುಗೆಮನೆ ಇರುವ ರೂಮು ಸಿಕ್ಕರೆ ಅನ್ನ ಮೊಸರಿನ ಚಿಂತೆ ಇಲ್ಲ, ಮೊಸರು ಅಂಗಡಿಯಲ್ಲೇ ಸಿಗುತ್ತದೆ. ಊರಿನಿಂದ ತುಪ್ಪ ಒಯ್ಯಬೇಡಿ, ಹಾಲಿನ ಪದಾರ್ಥಗಳನ್ನು ಇಲ್ಲಿಂದ ತರಲು ಅಲ್ಲಿ ಬಿಡುವುದಿಲ್ಲ. ಭಾನುವಾರ ಊರಿನ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್ ಒಳಗಿನವು ತೆರೆದಿರುತ್ತವೆ. ಮಾತ್ರೆಗಳು ಕೈಚೀಲದಲ್ಲಿ, ವೈದ್ಯರ ಚೀಟಿ ಜೊತೆಗೆ.

ಗೆಳೆಯರು ನನ್ನ ಉತ್ತರ ಓದಿ ಫೋನ್ ಮಾಡಿದರು. "ಅಷ್ಟು ದುಡ್ಡು ಹಾಕಿ ಹೋಗಿ ಬರೀ ಎರಡು ಊರು ನೋಡೋದಾ?" ಎಂದರು. ನ್ಯಾಯವಾದ ಪ್ರಶ್ನೆಯೇ. ಜರ್ಮಾಟ್, ಜಿನೀವಾ ನಿಮಗೆ ಮತ್ತೊಮ್ಮೆ ಸಿಗುತ್ತವೆ, ನಿಮ್ಮ ತಂದೆಗೆ ಇದೇ ಕೊನೆಯ ದೂರದ ಪ್ರಯಾಣ ಇರಬಹುದು ಎಂದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ನಿನ್ನೆ ಹೊಸ ಪ್ಲಾನ್ ಕಳಿಸಿದ್ದಾರೆ. ಎರಡು ಹೋಟೆಲು. ಮೂರನೇ ದಿನದ ಎದುರು ಏನೂ ಬರೆದಿಲ್ಲ. ಕೇಳಿದರೆ, "ಅವತ್ತು ಏನು ಮಾಡೋದು ಅಂತ ಅಪ್ಪ ಹೇಳ್ತಾರೆ" ಎಂದರು.