ಫೋಟೋಗ್ರಾಫರ್ ಕಾರ್ಡಿನ ಹಿಂಬದಿ ಖಾಲಿ ಬಿಡಿ

ಮದುವೆ ಸೀಸನ್ ಹತ್ತಿರ ಬಂತೆಂದರೆ ತುಮಕೂರಿನ ನನ್ನ ಡಿಟಿಪಿ ಅಂಗಡಿಗೆ ಫೋಟೋಗ್ರಾಫರ್ ಹುಡುಗರು ವಿಸಿಟಿಂಗ್ ಕಾರ್ಡ್ ಮಾಡಿಸಲು ಸಾಲಾಗಿ ಬರುತ್ತಾರೆ. ಸ್ಟುಡಿಯೋ ಇಲ್ಲ, ಒಂದು ಕ್ಯಾಮೆರಾ ಒಂದು ಬೈಕು ನಂಬಿ ಸ್ವಂತ ಕೆಲಸ ಹಿಡಿಯುವವರೇ ಹೆಚ್ಚು. ಎಲ್ಲರ ಬೇಡಿಕೆಯೂ ಹೆಚ್ಚುಕಡಿಮೆ ಒಂದೇ: "ಅಣ್ಣ, ಮೂಲೇಲಿ ಒಂದು ಕ್ಯಾಮೆರಾ ಚಿತ್ರ ಹಾಕಣ್ಣ, ಹೆಸರು ಗೋಲ್ಡಲ್ಲಿ ಬರ್ಲಿ, ಹಿಂದ್ಗಡೆ ನಾಲ್ಕು ಫೋಟೋ."

ನನ್ನ ತಕರಾರು ಆ ಹಿಂದ್ಗಡೆಯ ಬಗ್ಗೆ.

ಈ ಕಾರ್ಡ್ ಕೈ ಬದಲಾಯಿಸುವ ಜಾಗ ಯಾವುದು? ಛತ್ರದ ಊಟದ ಹಾಲ್‌ನ ಬಾಗಿಲು. ಹುಡುಗಿಯ ಸೋದರಮಾವ ಬಂದು "ನಮ್ ಮಗಳದ್ದೂ ಮಾಘದಲ್ಲಿದೆ ಕಣಪ್ಪ, ಒಂದು ಕಾರ್ಡ್ ಕೊಟ್ಟಿರು" ಅಂತಾರೆ. ಅವರ ಜೇಬಲ್ಲಿ ಆಗಲೇ ಅಡುಗೆಯವರದ್ದು, ಶಾಮಿಯಾನದವರದ್ದು, ವಾಲಗದವರದ್ದು ಸೇರಿರುತ್ತೆ. ತಿಂಗಳು ಕಳೆದ ಮೇಲೆ ಇದು ಯಾವ ಮದುವೆಯಲ್ಲಿ ಸಿಕ್ಕ ಹುಡುಗ, ಎಷ್ಟು ಹೇಳಿದ್ದ, ಆಲ್ಬಮ್ ಸೇರಿಯೋ ಬಿಟ್ಟೋ, ಒಂದೂ ನೆನಪಿರಲ್ಲ. ಅದನ್ನೆಲ್ಲ ಅಲ್ಲೇ ಕಾರ್ಡಿನ ಹಿಂದೆ ಬಾಲ್‌ಪೆನ್ನಲ್ಲಿ ಬರೆದುಕೊಟ್ಟಿದ್ದರೆ ಫೋನ್ ಬರುತ್ತಿತ್ತು. ಎರಡೂ ಕಡೆ ಲ್ಯಾಮಿನೇಶನ್ ಇದ್ದರೆ ಬರೆಯುವುದೆಲ್ಲಿ, ಪೆನ್ನು ಜಾರುತ್ತೆ! 300–350 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಬೋರ್ಡ್ ತಗೊಳ್ಳಿ, ಮುಂದೆ ಮಾತ್ರ ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಶನ್ ಮಾಡಿಸಿ. ಒಂದೇ ಬದಿ ಮಾಡಿದರೆ ಕಾರ್ಡ್ ಬಾಗುತ್ತೆ ಅಂತ ಪ್ರೆಸ್ಸಿನವರು ಗೊಣಗುತ್ತಾರೆ. ನಿಜ, ಸ್ವಲ್ಪ ಬಾಗುತ್ತೆ. ಬಾಗಲಿ.

ಇನ್ನು ಆ ನಾಲ್ಕು ಫೋಟೋ. ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರದ ಕಾರ್ಡು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, 1050×600 ಪಿಕ್ಸೆಲ್. ನಿಮ್ಮ 24 ಮೆಗಾಪಿಕ್ಸೆಲ್ ಚಿತ್ರದ ಎರಡು ಕೋಟಿ ನಲವತ್ತು ಲಕ್ಷ ಪಿಕ್ಸೆಲ್‌ನಲ್ಲಿ ಇಲ್ಲಿ ಉಳಿಯುವುದು ಆರು ಲಕ್ಷ ಚಿಲ್ಲರೆ. ಅದನ್ನೂ ನಾಲ್ಕು ಪಾಲು ಮಾಡಿದರೆ ಮುಖ ಯಾವುದು, ಮಾಲೆ ಯಾವುದು? ಒಂದೇ ಫೋಟೋ ಸಾಕು, ಅದೂ ಮುಂಬದಿಯಲ್ಲಿ. ತೀರಾ ಕಪ್ಪು ನೆರಳಿನ ಫೋಟೋ ಬೇಡ. ಮೊಬೈಲಲ್ಲಿ ಮಿಂಚುವ ಆರ್‌ಜಿಬಿ ಬಣ್ಣ ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಶಾಯಿಗೆ ಇಳಿದಾಗ ಮಂಕಾಗುತ್ತೆ, ನೆರಳೆಲ್ಲ ಗಟ್ಟಿ ಕಪ್ಪಾಗಿ ಕೂರುತ್ತೆ. ಮತ್ತೆ, ಯಾರದೋ ಮನೆ ಮದುಮಗಳ ಮುಖವನ್ನು ಕೇಳದೆ ಸಾವಿರ ಜನಕ್ಕೆ ಹಂಚುವುದು ನನಗಂತೂ ಸರಿಕಾಣಲ್ಲ. ಧಾರೆ ಎರೆಯುವ ಕೈಗಳು ಸಾಲದೇ?

(1854ರಲ್ಲಿ ಪ್ಯಾರಿಸ್ಸಿನ ಡಿಸ್ಡೇರಿ ಅನ್ನುವ ಫೋಟೋಗ್ರಾಫರ್ ವಿಸಿಟಿಂಗ್ ಕಾರ್ಡಿನಳತೆಯ ಫೋಟೋಗೇ ಪೇಟೆಂಟ್ ಪಡೆದಿದ್ದ. ಜನ ಮುಗಿಬಿದ್ದು ತೆಗೆಸಿಕೊಂಡರು. ಅವನೂ ಒಂದು ಕಾರ್ಡಿಗೆ ಒಂದೇ ಚಿತ್ರ ಅಂಟಿಸುತ್ತಿದ್ದ!)

ಹೆಸರು ಕನ್ನಡದಲ್ಲಿ ಹಾಕಿಸುವವರಿಗೆ ನನ್ನ ನಮಸ್ಕಾರ. ಆದರೆ ಫೈಲ್ ಪ್ರೆಸ್ಸಿಗೆ ಕಳಿಸುವ ಮುಂಚೆ ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಅಕ್ಷರವನ್ನೆಲ್ಲ ಕರ್ವ್ಸ್ ಮಾಡಿ, ಅಂದರೆ ಫಾಂಟ್ ಬೇಡದ ಚಿತ್ರವಾಗಿಸಿ. ಆ ಕಡೆ ನುಡಿ ಫಾಂಟ್ ಇಲ್ಲದಿದ್ದರೆ ನಿಮ್ಮ ಹೆಸರು ಪೂರ್ತಿ ಕಲಸುಮೇಲೋಗರ.

ಕ್ಯೂಆರ್ ಕೋಡ್ ಬೇಕಿದ್ದರೆ ಎರಡು ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಸುತ್ತ ಬಿಳಿ ಜಾಗ ಇರಲಿ. ನೇರವಾಗಿ ನಿಮ್ಮ ವಾಟ್ಸಾಪ್‌ಗೋ ಇನ್‌ಸ್ಟಾಗೋ ಹೋಗುವಂತಿರಲಿ. ಚಂದಾ ಕಟ್ಟಿ ಪಡೆಯುವ ಕೋಡು ಚಂದಾ ನಿಂತ ದಿನ ತಾನೂ ನಿಲ್ಲಬಹುದು.

ಪ್ಲೇಟ್ ಮಾಡಿ ಒತ್ತುವ ಆಫ್‌ಸೆಟ್‌ನಲ್ಲಿ ಸಾವಿರ ಹಾಕಿಸಿದರೆ ಅಗ್ಗ, ಗೊತ್ತು. ಆದರೂ ಹೊಸಬರು ಮೊದಲು ಡಿಜಿಟಲ್‌ನಲ್ಲಿ ನೂರು ಹಾಕಿಸಿ. ಒಂದು ಸೀಸನ್ ಹಂಚಿ, ಫೋನ್ ಮಾಡಿದವರು ಮೊದಲು ಏನು ಕೇಳುತ್ತಾರೆ ಅಂತ ಗಮನಿಸಿ. ಎಲ್ಲರೂ "ವಿಡಿಯೋನೂ ಮಾಡ್ತೀರಾ?" ಅಂತಲೇ ಕೇಳುತ್ತಿದ್ದರೆ, ಮುಂದಿನ ಸಾವಿರದಲ್ಲಿ ಆ ಉತ್ತರವನ್ನು ನಿಮ್ಮ ಹೆಸರಿನ ಕೆಳಗೇ ಹಾಕೋಣ, ಬನ್ನಿ.