ಶಾಸಕರ ಸಂಬಳ ಯಾರು ಬರೆಯಬೇಕು?

ಪರ: ಹೊರಗಿನ ಆಯೋಗವೇ ಬರೆಯಲಿ

ಮಂಡ್ಯದ ಕಡೆ ಕಬ್ಬಿನ ಲೋಡು ಕಾರ್ಖಾನೆ ಗೇಟಿಗೆ ಬಂದರೆ ರೈತನ ಕಣ್ಣು ಮೊದಲು ಹೋಗುವುದು ವೇಬ್ರಿಡ್ಜ್ ಕಡೆಗೆ. ತೂಕದ ಚೀಟಿಯನ್ನು ಎರಡು ಸಲ ನೋಡಿ ಜೇಬಿಗಿಡುತ್ತಾನೆ. ದರ ಮಾತ್ರ ಅವನ ಕೈಲಿಲ್ಲ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸರ್ಕಾರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಪ್ರಕಟಿಸುತ್ತದೆ. 2025-26ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ‘ನನ್ನ ಕಬ್ಬಿಗೆ ಇಷ್ಟು’ ಅಂತ ಬೆಳೆದವನೇ ಬರೆದುಕೊಳ್ಳುವ ಹಾಗಿಲ್ಲ.

ಮೇಷ್ಟರು, ಗುಮಾಸ್ತರ ಕಥೆಯೂ ಅಷ್ಟೇ. ರಾಜ್ಯದ ಏಳನೇ ವೇತನ ಆಯೋಗ ರಚನೆಯಾದದ್ದು 2022ರ ನವೆಂಬರ್‌ನಲ್ಲಿ, ಶಿಫಾರಸು ಜಾರಿಯಾದದ್ದು 2024ರ ಆಗಸ್ಟ್‌ನಲ್ಲಿ.

ಶಾಸಕರಿಗೆ ಈ ಕಾಯುವ ಕೆಲಸವೇ ಇಲ್ಲ. ಸಂವಿಧಾನದ 195ನೇ ವಿಧಿ ಪೆನ್ನನ್ನು ಸದನದ ಕೈಗೇ ಕೊಟ್ಟಿದೆ. ನಮ್ಮ ವಿಧಾನಸಭೆಯಲ್ಲಿ 2025ರ ಮಾರ್ಚ್ 21ನ್ನು ನೆನಪು ಮಾಡಿಕೊಳ್ಳಿ. ಹನಿಟ್ರ್ಯಾಪ್ ಗಲಾಟೆ, ಸ್ಪೀಕರ್ ಪೀಠದತ್ತ ಹರಿದು ಎಸೆದ ಕಾಗದ, ಬಿಜೆಪಿಯ 18 ಶಾಸಕರ ಅಮಾನತು. ಆ ಗದ್ದಲದ ನಡುವೆಯೇ, ಚರ್ಚೆಯಿಲ್ಲದೆ, ಸಂಬಳದ ಬಿಲ್ ಪಾಸಾಯಿತು. ಶಾಸಕರಿಗೆ ತಿಂಗಳಿಗೆ 40 ಸಾವಿರ ಇದ್ದದ್ದು 80 ಸಾವಿರ. ಮುಖ್ಯಮಂತ್ರಿಗೆ 75 ಸಾವಿರ ಇದ್ದದ್ದು ಒಂದೂವರೆ ಲಕ್ಷ. ಬೇರೆ ಎಲ್ಲದಕ್ಕೂ ಜಗಳ, ಇದೊಂದಕ್ಕೆ ತಕರಾರೇ ಇಲ್ಲ!

80 ಸಾವಿರ ಜಾಸ್ತಿ ಅಂತ ನಾನು ಹೇಳುತ್ತಿಲ್ಲ. ಕೆಲಸಕ್ಕೆ ತಕ್ಕ ಸಂಬಳವೇ ಇರಬಹುದು. ಆದರೆ ಉಣ್ಣುವವನೇ ಬಡಿಸಿಕೊಂಡರೆ ಎಷ್ಟು ಬಡಿಸಿಕೊಂಡ ಅನ್ನುವ ಅನುಮಾನ ಹೋಗುವುದಿಲ್ಲ, ಅಲ್ವಾ? ಬ್ರಿಟನ್‌ನಲ್ಲಿ ಸಂಸದರ ಖರ್ಚಿನ ಹಗರಣ ಬಯಲಾದ ಮೇಲೆ, 2009ರಲ್ಲಿ, ಇದಕ್ಕೆಂದೇ ಪ್ರತ್ಯೇಕ ಸಂಸ್ಥೆ ಮಾಡಿದರು. ನಮಗೂ ಅಂಥದ್ದೊಂದು ಬೇಕು.

ವಿರೋಧ: ಅವರೇ ಬರೆಯಲಿ, ನಮ್ಮೆದುರು

ಆಯೋಗ ಅಂದ ಕೂಡಲೇ ನ್ಯಾಯ ಸಿಕ್ಕಿಬಿಡುತ್ತಾ? ಕಬ್ಬನ್ನೇ ತಗೊಳ್ಳಿ. ಆಯೋಗವಿದೆ, ಎಫ್‌ಆರ್‌ಪಿಯೂ ಇದೆ. ಆದರೂ ದರಕ್ಕಾಗಿ ರೈತ ರಸ್ತೆಯಲ್ಲಿ ಕೂರುವುದು ತಪ್ಪಿಲ್ಲ. ದಿಲ್ಲಿಯ ಆಯೋಗವನ್ನು ಅವನು ಎಲ್ಲಿ ಹುಡುಕಿಕೊಂಡು ಹೋಗಬೇಕು?

ಬ್ರಿಟನ್ ಕಥೆಯ ಉಳಿದರ್ಧವನ್ನೂ ಹೇಳಬೇಕು. 2015ರಲ್ಲಿ ಆ ಸಂಸ್ಥೆ ಸಂಸದರ ವರ್ಷದ ಸಂಬಳವನ್ನು 67,060 ಪೌಂಡ್‌ನಿಂದ 74,000ಕ್ಕೆ ಏರಿಸಿತು. ಪ್ರಧಾನಿ ಕ್ಯಾಮರನ್ ಬೇಡ ಅಂದರೂ ಏರಿತು. ಇಲ್ಲಿ ಹಾಗಾದರೆ ನಮ್ಮ ಶಾಸಕರು ಏನನ್ನುತ್ತಾರೆ ಗೊತ್ತಲ್ಲ: ‘ನಾನು ಕೇಳಿದೆನಾ? ಆಯೋಗ ಕೊಟ್ಟಿತು.’

ಇನ್ನು ಲೆಕ್ಕ. ನಮ್ಮ ಕಡೆ ಬೀಗರ ಊಟಕ್ಕೆ ಶಾಸಕರ ಕಾರು ಬಂದರೆ ಹುಡುಗರೆಲ್ಲ ಓಡುತ್ತಾರೆ. ಅವರು ಕವರ್ ಕೊಟ್ಟು, ಎಲೆ ಮುಂದೆ ಕೂರದೆ ಮುಂದಿನ ಊರಿಗೆ ಹೊರಡುತ್ತಾರೆ. ಕವರ್‌ನಲ್ಲಿ ಎಷ್ಟಿತ್ತು ಅನ್ನುವುದೇ ಒಂದು ವಾರದ ಮಾತು. ತಿಥಿ, ಹಬ್ಬದ ಚಂದಾ, ಆಸ್ಪತ್ರೆ ಬಿಲ್ಲು ಬೇರೆ. ಕೇಳುವವರು ನಾವೇ. ಈ ಮುಯ್ಯಿಯನ್ನು ಯಾವ ಆಯೋಗ ಯಾವ ಕಾಲಂನಲ್ಲಿ ಬರೆಯುತ್ತದೆ?

ಇದಕ್ಕಿಂತ ಸಲೀಸಾದ ದಾರಿ ಅಮೆರಿಕದಲ್ಲಿದೆ. ಸಂಸದರು ಸಂಬಳ ಏರಿಸಿಕೊಳ್ಳಬಹುದು, ಆದರೆ ಅದು ಜಾರಿಗೆ ಬರುವುದು ಮುಂದಿನ ಚುನಾವಣೆ ಮುಗಿದ ಮೇಲೆ. ಅಲ್ಲಿನ ಸಂವಿಧಾನದ 27ನೇ ತಿದ್ದುಪಡಿ ಅದು. 1789ರಲ್ಲಿ ಮುಂದಿಟ್ಟದ್ದು ಸೇರ್ಪಡೆಯಾದದ್ದು 1992ರಲ್ಲಿ! ನಾವು ಅಷ್ಟು ವರ್ಷ ಕಾಯಬೇಕಿಲ್ಲ. ಮುಂದಿನ ಸದನದಲ್ಲಿ ತಾನಿರುತ್ತೇನೋ ಇಲ್ಲವೋ ಗೊತ್ತಿಲ್ಲದವನು ಅಂಕಿಯನ್ನು ಸ್ವಲ್ಪ ಕೈ ಹಿಡಿದೇ ಬರೆಯುತ್ತಾನೆ. ಧ್ವನಿಮತ ಬೇಡ, ಯಾರು ಹೌದು ಅಂದರು ಅಂತ ಹೆಸರು ಕೂಗಿ ಬರೆದುಕೊಳ್ಳಲಿ. ಆಮೇಲೆ ಮದ್ದೂರಿಗೋ ಪಾಂಡವಪುರಕ್ಕೋ ಓಟು ಕೇಳಲು ಬರಲಿ.