ಚೌಕಾಸಿಗೆ ಕೂತಾಗ ಏಜೆಂಟ್ ನಮ್ಮ ಕಡೆಯವರಾ?

ಪರ

ಮನೆ ಮಾರುವವರಿಗೆ ಎಷ್ಟೋ ಸಲ ತಮ್ಮ ಬಾಯಿಂದಲೇ ನಷ್ಟ. "ತಿಂಗಳ ಕೊನೆಗೆ ಖಾಲಿ ಮಾಡಬೇಕು" ಅಂತ ಎದುರು ಪಾರ್ಟಿ ಮುಂದೆ ಅಂದುಬಿಟ್ಟರೆ ರೇಟು ಅಲ್ಲೇ ಬಿತ್ತು. ಒಳ್ಳೆ ಏಜೆಂಟ್ ಆ ಮಾತು ಹೊರಬೀಳದ ಹಾಗೆ ನೋಡಿಕೊಳ್ಳುತ್ತಾರೆ. ಅಕ್ಕಪಕ್ಕದ ಮನೆಗಳು ನಿಜವಾಗಿ ಎಷ್ಟಕ್ಕೆ ಹೋದವು ಅಂತ ಅವರಿಗೆ ಗೊತ್ತಿರುತ್ತದೆ. ಕೊಳ್ಳುವವರು ಗೋಡೆಯ ಬಿರುಕು ತೋರಿಸಿ ಬೆಲೆ ಇಳಿಸಲು ನೋಡಿದರೆ ನಮಗೆ ಸಿಟ್ಟು ಬರುತ್ತದೆ, ಏಜೆಂಟ್‌ಗೆ ಬರುವುದಿಲ್ಲ. ಅಡ್ವಾನ್ಸ್ ಎಷ್ಟು, ಸಾಲ ಸಿಗದೇ ಹೋದರೆ ಆ ದುಡ್ಡು ಯಾರಿಗೆ, ಇದನ್ನೂ ಮೊದಲೇ ಮಾತಾಡಿ ಬರೆಸುತ್ತಾರೆ. ಎಲ್ಲರೂ ಹೀಗೇ ಇರುತ್ತಾರೆ ಅಂತ ನಾನು ಹೇಳಲಾರೆ. ಆದರೆ ಹೆಸರು ಕೆಟ್ಟರೆ ಮುಂದಿನ ಗಿರಾಕಿ ಬರುವುದಿಲ್ಲ ಅನ್ನೋ ಭಯ ಅವರಿಗೂ ಇದೆ.

ವಿರೋಧ

ಹೆಸರು ಕೆಡುವ ಭಯವನ್ನು ನಾನು ನಂಬುವುದಿಲ್ಲ. ಜನ ಮನೆ ಮಾರುವುದು ಜೀವನದಲ್ಲಿ ಒಂದೋ ಎರಡೋ ಸಲ. ಅದೇ ಏಜೆಂಟ್ ಹತ್ತಿರ ಮತ್ತೆ ಹೋಗುವವರು ಎಷ್ಟು ಮಂದಿ?

ಲೆಕ್ಕ ನೋಡಿ. ಕಮಿಷನ್ ನೂರಕ್ಕೆ 2 ಅಂತಿಟ್ಟುಕೊಳ್ಳಿ. ಹಟ ಹಿಡಿದು ಬೆಲೆಯನ್ನು 1 ಲಕ್ಷ ಏರಿಸಿದರೆ ನಿಮಗೆ 98,000 ಜಾಸ್ತಿ, ಏಜೆಂಟ್‌ಗೆ ಬರೀ 2,000. ಅಷ್ಟಕ್ಕೆ ಅವರು ಇನ್ನೂ ವಾರಗಟ್ಟಲೆ ಯಾಕೆ ಓಡಾಡಬೇಕು? ಇವತ್ತೇ ವ್ಯಾಪಾರ ಕುದುರಿದರೆ ಅವರಿಗೆ ಲಾಭ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಶಿಕಾಗೋ ಸುತ್ತಮುತ್ತಲಿನ ಸುಮಾರು 1 ಲಕ್ಷ ಮನೆ ಮಾರಾಟಗಳನ್ನು ಜಾಲಾಡಿ 2008ರಲ್ಲಿ ಅಧ್ಯಯನ ಪ್ರಕಟಿಸಿದರು. ಏಜೆಂಟರು ಸ್ವಂತ ಮನೆ ಮಾರುವಾಗ ಸುಮಾರು 9.5 ದಿನ ಜಾಸ್ತಿ ಕಾದಿದ್ದರು, ಶೇ 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ಗಿರಾಕಿಯ ಮನೆ ಮಾರುವಾಗ ಆ ತಾಳ್ಮೆ ಎಲ್ಲಿ ಹೋಗುತ್ತದೆ?

ಅಪ್ಪ ಮನೆ ಮಾರುವಾಗ ನಾನು ಪಕ್ಕದಲ್ಲೇ ಇದ್ದೆ. ರಾತ್ರಿ ಊಟದ ಹೊತ್ತಿಗೆ ಏಜೆಂಟ್ ಫೋನ್ ಮಾಡಿದರು. "ಸಾರ್, ಪಾರ್ಟಿ ಬೇರೆ ಮನೆ ನೋಡ್ತಿದ್ದಾರೆ, ಇವತ್ತೇ ಹೂಂ ಅನ್ನಿ." ಅಪ್ಪ ತಟ್ಟೆಯಲ್ಲೇ ಕೈ ಇಟ್ಟುಕೊಂಡು ಹೂಂ ಅಂದರು. ರಿಜಿಸ್ಟ್ರೇಷನ್ ದಿನ ಕೊಂಡವರ ಜೊತೆ ಮಾತಾಡುತ್ತಾ ಗೊತ್ತಾಯಿತು, ಅವರು ಬೇರೆ ಯಾವ ಮನೆಯನ್ನೂ ನೋಡಿರಲೇ ಇಲ್ಲ. "ಮಾಲೀಕರಿಗೆ ಅರ್ಜೆಂಟ್ ಇದೆ, ಇನ್ನೂ ಇಳಿಸ್ತಾರೆ" ಅಂತ ಅವರ ಕಿವಿಗೆ ಹಾಕಿದ್ದೂ ಅದೇ ಏಜೆಂಟ್. ಎರಡೂ ಕಡೆಯಿಂದ ಕಮಿಷನ್ ತಗೊಂಡಿದ್ದರು. ಅಪ್ಪನಿಗೆ ಅರ್ಜೆಂಟ್ ಇದೆ ಅನ್ನೋದು ಅವರಿಗೆ ತಿಳಿದಿದ್ದು ನಾವೇ ನಂಬಿ ಹೇಳಿದ್ದರಿಂದ. ಎರಡೂ ಕಡೆ ದುಡ್ಡು ತಗೊಳ್ಳುವವರಿಗೆ ನಿಮ್ಮ ಕೊನೆಯ ರೇಟು ಯಾವ ಕಾರಣಕ್ಕೂ ಹೇಳಬೇಡಿ.